‘ಸೊಪ್ಪು ಬೇಡ’ ಅಂದಿದ್ದು ನಾನೇ

ಸಂಜೆ ಡ್ಯೂಟಿ ಮುಗಿಯಲು ಇನ್ನೂ ಅರ್ಧ ಗಂಟೆ ಇತ್ತು. ಸ್ಟ್ರೆಚರ್ ಮೇಲೆ ಬಂದ ಅಮ್ಮನ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಮೂರು ವಾರದ ಹಿಂದೆ ನಮ್ಮ ವಾರ್ಡಿನಿಂದಲೇ ಮನೆಗೆ ಹೋದವರು. ಆಗ ಎಡಗಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಕಾಲು ಕಂಬದ ಹಾಗೆ ಊದಿತ್ತು. ಈ ಸಲ ಕಾಲು ಚೆನ್ನಾಗಿತ್ತು. ಆದರೆ ಒಸಡಿನಿಂದ ರಕ್ತ ಜಿನುಗುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಮೊಣಕೈ ಕೆಳಗೆ ಅಂಗೈ ಅಗಲದ ನೀಲಿ ಕಲೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅಂತ ತೋರಿಸುವ ಐಎನ್‌ಆರ್ ರಿಪೋರ್ಟ್ ಬಂತು: 6.2. ಅವರಿಗೆ ಇರಬೇಕಾದ್ದು 2ರಿಂದ 3.

ಹೆಪ್ಪು ತಡೆಯುವ ಮಾತ್ರೆ ಜಾಸ್ತಿ ಕೊಟ್ಟಿದ್ದೀರಾ ಅಂತ ಸೊಸೆಯನ್ನು ಕೇಳಿದೆ. ಆಕೆ ಚೀಲದಿಂದ ಆ ಮಾತ್ರೆಯ, ಅಸಿಟ್ರೋಮ್‌ನ, ಸ್ಟ್ರಿಪ್ ತೆಗೆದು ತೋರಿಸಿದಳು. ಲೆಕ್ಕ ಸರಿಯಾಗಿತ್ತು. ಊಟ ಏನು ಮಾಡ್ತಾರೆ ಅಂದೆ.

“ಸೊಪ್ಪು ಪೂರ್ತಿ ಬಿಡ್ಸಿದೀವಿ ಸಿಸ್ಟರ್. ನೀವೇ ಹೇಳಿದ್ರಲ್ಲ, ಸೊಪ್ಪು ಬ್ಯಾಡ ಅಂತ.”

ಹೌದು, ನಾನೇ ಹೇಳಿದ್ದು. ಡಿಸ್ಚಾರ್ಜ್ ದಿನ ಕೆಳಗೆ ಕ್ಯಾಶುವಾಲ್ಟಿಯಲ್ಲಿ ಇನ್ನೊಬ್ಬರು ಬೆಡ್‌ಗೆ ಕಾಯುತ್ತಿದ್ದರು. ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದ್ದೆ.

ನಮ್ಮ ಲಿವರ್ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ತಯಾರಿಸಲು ಕೆ ವಿಟಮಿನ್ ಬೇಕು. ಈ ಮಾತ್ರೆ ಆ ಕೆಲಸಕ್ಕೇ ಅಡ್ಡ ಹಾಕುತ್ತದೆ. ಮೆಂತ್ಯ, ಪಾಲಕ್, ನುಗ್ಗೆ ಸೊಪ್ಪಿನಲ್ಲಿ ಕೆ ವಿಟಮಿನ್ ಜಾಸ್ತಿ. ಹಾಗಂತ ಸೊಪ್ಪು ಬಿಡಬೇಕಿಲ್ಲ. ದಿನಾ ಎಷ್ಟು ತಿನ್ನುತ್ತಾರೋ ಅಷ್ಟೇ ತಿನ್ನಬೇಕು, ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಅಂತ ಆಗಬಾರದು. ಈ ಅಮ್ಮನಿಗೆ ವಾರ್ಡಿನಲ್ಲಿದ್ದಾಗಲೂ ಮನೆಯಿಂದ ರೊಟ್ಟಿ, ಮೆಂತ್ಯ ಪಲ್ಯವೇ ಬರುತ್ತಿತ್ತು. ಆ ಊಟಕ್ಕೆ ತಕ್ಕ ಹಾಗೆ ಡೋಸ್ ಕೂತಿತ್ತು. ಮನೆಗೆ ಹೋದ ಮೇಲೆ ಪಲ್ಯ ನಿಂತಿತು, ಡೋಸ್ ಮಾತ್ರ ಅಷ್ಟೇ ಉಳಿಯಿತು. ಅದರ ಮೇಲೆ ಭೇದಿ ಅಂತ ಊರಲ್ಲಿ ಮೆಟ್ರೊನಿಡಜೋಲ್ ತೆಗೆದುಕೊಂಡಿದ್ದರು. ಅದು ಈ ಮಾತ್ರೆಯ ಶಕ್ತಿಯನ್ನು ಇನ್ನೂ ಏರಿಸುತ್ತದೆ. ವಾರಕ್ಕೊಮ್ಮೆ ರಕ್ತ ಪರೀಕ್ಷೆ ಅಂತ ಚೀಟಿಯಲ್ಲಿ ಬರೆದಿತ್ತು. ಕಾಲು ಇಳಿಯಿತಲ್ಲ ಅಂತ ಯಾರೂ ಬಂದಿರಲಿಲ್ಲ.

ಡಾಕ್ಟರು ಮಾತ್ರೆ ನಿಲ್ಲಿಸಿ ಕೆ ವಿಟಮಿನ್ ಕೊಟ್ಟರು. ಉಳಿದದ್ದು ನಮ್ಮ ಕೆಲಸ. ಬ್ರಷ್ ಬದಲು ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸಿದೆವು. ಮೂತ್ರ ಕೆಂಪಾಗಿದೆಯಾ, ಮಲ ಡಾಂಬರಿನ ಹಾಗೆ ಕಪ್ಪಗಿದೆಯಾ ಅಂತ ಪ್ರತಿ ಸಲ ನೋಡಿದೆವು. ರಾತ್ರಿ ತಲೆನೋವು ಅಂದರೆ ಕೂಡಲೇ ಕರೆಯಿರಿ ಅಂದಿದ್ದೆ. ಇಂಥವರಿಗೆ ತಲೆಯೊಳಗೆ ರಕ್ತ ಸೋರಿದರೆ ಶುರುವಿನಲ್ಲಿ ಬರೀ ತಲೆನೋವೇ ಇರಬಹುದು.

ರಕ್ತ ತೆಗೆದ ಮೇಲೆ ನಮ್ಮಲ್ಲಿ ಎಲ್ಲರೂ ಹತ್ತಿ ಇಟ್ಟು ಕೈ ಮಡಚಿಬಿಡುತ್ತಾರೆ. ಅದು ಸಾಲದು. ಕೈ ನೇರವಾಗಿ ಚಾಚಿಸಿ, ಐದು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಐದು ನಿಮಿಷ ಬಹಳ ಉದ್ದ. ಅಷ್ಟು ಹೊತ್ತಿನಲ್ಲಿ ಎಷ್ಟೋ ಮಾತು ಆಡಬಹುದು. ನನಗೆ ಬಹಳಷ್ಟು ವಿಷಯ ಗೊತ್ತಾಗುವುದೇ ಆಗ. ಈ ಅಮ್ಮ ಮೊಣಕಾಲು ನೋವಿಗೆ ಊರ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳಬೇಕು ಅಂತಿದ್ದರಂತೆ. ಕೇಳಿ ಎದೆ ಝಲ್ ಅಂತು. ಇಂಥವರಿಗೆ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ ಒಳಗೇ ರಕ್ತ ತುಂಬಿಕೊಂಡು ಗಡ್ಡೆಯಾಗುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯೂ ಕೂಡದು, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಹೆಪ್ಪು ತಡೆಯಲೆಂದೇ ಹೊಕ್ಕುಳ ಸುತ್ತ ಕೊಡುವ ಎನಾಕ್ಸಪಾರಿನ್ ಇಂಜೆಕ್ಷನ್ ಬೇರೆ ಥರ. ಅದನ್ನು ಚರ್ಮದ ಕೆಳಗಿನ ಕೊಬ್ಬಿಗೆ ಕೊಡುತ್ತೇವೆ. ಹೊಸದಾಗಿ ಬಂದ ಹುಡುಗಿಯರು ಸಿರಿಂಜ್ ನೋಡಿದ ಕೂಡಲೇ ಬೆರಳಲ್ಲಿ ತಟ್ಟಿ ಒಳಗಿನ ಗಾಳಿ ಗುಳ್ಳೆ ತೆಗೆಯಲು ಹೋಗುತ್ತಾರೆ. ಪೂರ್ತಿ ಡೋಸ್ ಕೊಡುವಾಗ ಆ ಗುಳ್ಳೆ ಹಾಗೇ ಇರಲಿ, ತೆಗೆಯಲು ಹೋದರೆ ಔಷಧಿಯೂ ಚೆಲ್ಲುತ್ತದೆ. ಹೊಕ್ಕುಳಿಂದ ಎರಡು ಇಂಚು ದೂರ ಚರ್ಮ ಹಿಡಿದೆತ್ತಿ, ಸೂಜಿ ನೇರವಾಗಿ ಇಳಿಸಬೇಕು. ಸೂಜಿ ಹೊರಗೆ ಬರುವ ತನಕ ಹಿಡಿದ ಚರ್ಮ ಬಿಡಬಾರದು. ಆಮೇಲೆ ತಿಕ್ಕಬಾರದು. ನೋವಾಗುತ್ತೆ ಅಂತ ಮನೆಯವರು ಪ್ರೀತಿಯಿಂದ ತಿಕ್ಕುತ್ತಾರೆ, ಮರುದಿನ ಹೊಟ್ಟೆ ಮೇಲೆ ನೀಲಿ ಎದ್ದಿರುತ್ತದೆ.

ಮಗ ಇನ್ನೊಂದು ವಿಷಯ ತಂದ. ಇದು ಇಲಿ ಪಾಷಾಣ ಅಂತ ಮೊಬೈಲಿನಲ್ಲಿ ಓದಿದ್ದನಂತೆ. ಅದು ಇದೇ ಗುಂಪಿನ ವಾರ್ಫರಿನ್ ಕಥೆ ಕಣಪ್ಪ, ಸುಳ್ಳಲ್ಲ ಅಂದೆ. 1948ರಲ್ಲಿ ಇಲಿ ಕೊಲ್ಲಲು ಬಂತು, 1954ರಿಂದ ಮನುಷ್ಯರಿಗೂ ಔಷಧಿಯಾಯಿತು. ಎಷ್ಟು ಕೊಡುತ್ತೇವೆ, ಎಷ್ಟು ಸಲ ರಕ್ತ ನೋಡುತ್ತೇವೆ ಅನ್ನುವುದರಲ್ಲೇ ಎಲ್ಲ ಇದೆ. ಹೆದರಿ ನಿಲ್ಲಿಸಿದರೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು.

ನಾಲ್ಕನೇ ದಿನ ಐಎನ್‌ಆರ್ 2.6ಕ್ಕೆ ಇಳಿಯಿತು. ಡಾಕ್ಟರು ಡೋಸ್ ತಿದ್ದಿ ಬರೆದರು. ಈ ಸಲ ನಾನು ಕುರ್ಚಿ ಎಳೆದುಕೊಂಡು ಕೂತೆ, ಅಡುಗೆ ಮಾಡುವ ಸೊಸೆಯ ಎದುರಿಗೇ. ಎಲ್ಲ ಹೇಳಿ, ಈಗ ನೀನು ನನಗೆ ಹೇಳಮ್ಮ ಅಂದೆ.

“ದಿನಾ ಸಂಜೆ ಆರಕ್ಕೆ ಮಾತ್ರೆ. ಒಂದಿನ ಮರೆತ್ರೆ ಮರುದಿನ ಎರಡು ಕೊಡಬಾರ್ದು. ಸೊಪ್ಪು ಯಾವಾಗ್ಲೂ ಮಾಡೋಷ್ಟೇ. ಬೇರೆ ಯಾವ ಡಾಕ್ಟ್ರ ಹತ್ರ ಹೋದ್ರೂ ಈ ಪುಸ್ತಕ ಮೊದ್ಲು ತೋರಿಸ್ಬೇಕು. ಬಿದ್ದು ತಲೆಗೆ ಪೆಟ್ಟಾದ್ರೆ ನೋವಿಲ್ದೇ ಇದ್ರೂ ಬರ್ಬೇಕು. ಸೋಮವಾರ ರಕ್ತಕ್ಕೆ.”

ಒಂದೂ ತಪ್ಪಿರಲಿಲ್ಲ. ಚೀಲಕ್ಕೆ ಪುಸ್ತಕ ಹಾಕಿಕೊಳ್ಳುತ್ತಾ ಕೇಳಿದಳು, “ಇದನ್ನ ಆವತ್ತೇ ಹಿಂಗೆ ಕೂತು ಹೇಳಿದ್ರೆ ಆಗ್ತಿತ್ತಲ್ಲ ಸಿಸ್ಟರ್?”

“ಹೌದಮ್ಮ,” ಅಂದೆ.