ಟೊಮೆಟೊ ಮಂಡಿಯ ದರದ ಬೋರ್ಡ್: ಟಿವಿ ವಿಂಡೋ ಜಾಗಕ್ಕೆ ಬಂತು

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗೆಂದು ಬರೆಯುತ್ತಿರುವ ದರದ ಬೋರ್ಡಿನ ಪ್ರೋಗ್ರಾಂನಲ್ಲಿ ಎರಡು ವಿಂಡೋಗಳೂ ಈಗ ಒಟ್ಟಿಗೆ ಓಡುತ್ತಿವೆ. ಒಂದರಲ್ಲಿ ಗುಮಾಸ್ತರು ಲಾಟ್ ನಂಬರ್, ಬಾಕ್ಸ್ ಲೆಕ್ಕ, 15 ಕೆಜಿ ಬಾಕ್ಸಿನ ಹರಾಜು ದರ ಹಾಕುತ್ತಾರೆ. ಇನ್ನೊಂದು ಟಿವಿಯಲ್ಲಿ ರೈತರಿಗೆ ಕಾಣುತ್ತದೆ. ಬರೆಯುವುದು ಪೈಥಾನ್ ಭಾಷೆಯಲ್ಲಿ, ವಿಂಡೋ ಕಟ್ಟಲು ಅದರ ಟಿಕಿಂಟರ್ ಲೈಬ್ರರಿ, ಓಡುವುದು ವಿಂಡೋಸಿನಲ್ಲಿ. ಲಿನಕ್ಸ್ ಬೇಡವೆಂದದ್ದು ಕನ್ನಡಕ್ಕಾಗಿ: ಅಲ್ಲಿ ಟಿಕಿಂಟರ್ ಒಳಗಿರುವ ಟಿಕೆ 8.6 ಒತ್ತಕ್ಷರಗಳನ್ನು ಕೂಡಿಸದೆ ಬಿಡಿಬಿಡಿಯಾಗಿ ತೋರಿಸುತ್ತದೆ. ವಿಂಡೋಸಿನಲ್ಲಿ ನಿರ್ಮಲಾ ಯುಐ ಫಾಂಟ್ ಹಾಕಿದರೆ ಸಾಕು.

ಟಿವಿ ವಿಂಡೋವನ್ನು ಟಾಪ್‌ಲೆವೆಲ್ (ಮೊದಲ ವಿಂಡೋಗೆ ಸೇರಿದ ಇನ್ನೊಂದು ವಿಂಡೋ) ಆಗಿಯೇ ಮಾಡಬೇಕು. ಮುಖ್ಯ ವಿಂಡೋ ಹುಟ್ಟಿಸುವ ಟಿಕೆ() ಆಜ್ಞೆಯನ್ನು ಎರಡನೇ ಸಲ ಕರೆದರೆ ಬೇರೆಯೇ ಇಂಟರ್ಪ್ರಿಟರ್ ಹುಟ್ಟುತ್ತದೆ, ಮೊದಲನೆಯದರ ಸ್ಟ್ರಿಂಗ್‌ವಾರ್‌ನಲ್ಲಿ (ಲೇಬಲ್‌ಗೆ ಕಟ್ಟಿದ ಪಠ್ಯದ ವೇರಿಯೇಬಲ್) ದರ ಬದಲಾದರೂ ಟಿವಿಯ ಲೇಬಲ್ ಖಾಲಿಯೇ ಇರುತ್ತದೆ.

ಹೆಚ್ಚು ತಲೆ ತಿಂದದ್ದು ಜಿಯಾಮೆಟ್ರಿ, ಅಂದರೆ ವಿಂಡೋದ ಅಳತೆ ಮತ್ತು ಜಾಗ. ಟಿವಿ ಬಲಕ್ಕಿದ್ದರೆ ಅಳತೆ 1920×1080, ಜಾಗ +1920+0. ಎಡಕ್ಕಿದ್ದರೆ -1920 ಎಂದು ಬರೆಯುವಂತಿಲ್ಲ; ಟಿಕೆ ಅದನ್ನು ಪರದೆಯ ಬಲ ಅಂಚಿನಿಂದ ಎಣಿಸುತ್ತದೆ. +-1920+0 ಎಂದು ಎರಡೂ ಚಿಹ್ನೆ ಹಾಕಬೇಕು. ಡಿಸ್‌ಪ್ಲೇ ಸ್ಕೇಲ್ 125% ಇದ್ದರೆ 1920 ಅಗಲದ ಪರದೆ 1536 ಎಂದು ಸುಳ್ಳು ಹೇಳುತ್ತದೆ, ಅಕ್ಷರವೂ ಮಸುಕು. ಪರದೆಯ ನಿಜ ಅಳತೆ ಕೊಡಿಸುವ ವಿಂಡೋಸಿನ ಸೆಟ್‌ಪ್ರೋಸೆಸ್‌ಡಿಪಿಐಅವೇರ್‌ನೆಸ್ ಅನ್ನು ಮೊದಲ ವಿಂಡೋ ಹುಟ್ಟುವ ಮುಂಚೆಯೇ ಕರೆಯಬೇಕು, ಆಮೇಲೆ ಕರೆದರೆ ಉಪಯೋಗವಿಲ್ಲ. ಎರಡೂ ಪರದೆಗಳನ್ನು 100%ಗೆ ಇಟ್ಟರೆ ಇನ್ನೂ ನೆಮ್ಮದಿ.

ವಿಂಡೋದ ಅಗಲ ಕೇಳುವುದಕ್ಕೂ ಹೊತ್ತು ನೋಡಬೇಕು. ಕಟ್ಟಿದ ಕೂಡಲೇ ವಿನ್ಫೋ_ವಿಡ್ತ್ ಕೇಳಿದರೆ 1 ಬರುತ್ತದೆ, ಏಕೆಂದರೆ ವಿಂಡೋ ಇನ್ನೂ ಹಾಸಿಕೊಂಡಿರುವುದಿಲ್ಲ. ಈಗಿನ ಕ್ರಮ ಹೀಗಿದೆ: ವಿತ್‌ಡ್ರಾ ಮಾಡಿ ಮರೆಯಲ್ಲಿಟ್ಟು, ಓವರ್‌ರೈಡ್‌ರೀಡೈರೆಕ್ಟ್‌ನಿಂದ ಶೀರ್ಷಿಕೆ ಪಟ್ಟಿ ತೆಗೆದು, ಜಾಗ ಕೊಟ್ಟು, ಡೀಐಕಾನಿಫೈ ಮಾಡಿ ತೋರಿಸಿ, ಬಾಕಿ ಕೆಲಸ ಮುಗಿಸುವ ಅಪ್‌ಡೇಟ್ ಕರೆದು, ಕೊನೆಗೆ ಅಳತೆ ಓದುವುದು. ಆರು ಸಾಲಿಗೆ ತಲಾ 180 ಪಿಕ್ಸೆಲ್. ಫಾಂಟ್ ಗಾತ್ರ -100: ಮೈನಸ್ ಇದ್ದರೆ ಪಿಕ್ಸೆಲ್, ಇಲ್ಲದಿದ್ದರೆ ಪಾಯಿಂಟ್. ಸಾಲನ್ನು ಇದಕ್ಕಿಂತ ಬಿಗಿ ಮಾಡಿದರೆ ಒತ್ತಿನ ಬಾಲ ಕತ್ತರಿಸಿಹೋಗುತ್ತದೆ, "ಮುಳ್ಳೂರು" ಎಂದು ಹಾಕಿ ನೋಡಿದರೆ ಗೊತ್ತಾಗುತ್ತದೆ.

ಶೀರ್ಷಿಕೆ ಪಟ್ಟಿ ಹೋದರೆ ಟಾಸ್ಕ್‌ಬಾರಿನ ಗುಂಡಿಯೂ ಹೋಗುತ್ತದೆ. ಆದ್ದರಿಂದ ಟಿವಿ ವಿಂಡೋ ತೋರಿಸುವ, ಮರೆಮಾಡುವ ಎಫ್8 ಕೀಲಿ ಗುಮಾಸ್ತರ ವಿಂಡೋದಲ್ಲೇ ಇದೆ. ವಿಂಡೋ ಮುಚ್ಚಲು ಬರುವ ಡಬ್ಲ್ಯೂಎಂ_ಡಿಲೀಟ್_ವಿಂಡೋ ಸಂದೇಶಕ್ಕೂ ವಿತ್‌ಡ್ರಾವನ್ನೇ ಕಟ್ಟಿದ್ದೇವೆ. ಏಕೆಂದರೆ ಡಿಸ್ಟ್ರಾಯ್ ಆದ, ಅಂದರೆ ಅಳಿದುಹೋದ, ವಿಂಡೋದ ಲೇಬಲ್‌ಗೆ ಮುಂದಿನ ದರ ಬರೆಯಹೋದರೆ ಟಿಸಿಎಲ್‌ಎರರ್ ಖಚಿತ. ವಿಂಡೋವನ್ನು ಎಲ್ಲಕ್ಕಿಂತ ಮೇಲಿಡುವ ಟಾಪ್‌ಮೋಸ್ಟ್ ಟಿವಿಗೆ ಮಾತ್ರ. ಎಚ್ಚರಿಕೆ ಡಬ್ಬಿಗಳಿಗೆ ಪೇರೆಂಟ್ (ಒಡೆಯ ವಿಂಡೋ) ಆಗಿ ಗುಮಾಸ್ತರ ವಿಂಡೋ ಕೊಡಲೇಬೇಕು.

ದರ ತಾಜಾ ಮಾಡಲು, ಹೇಳಿದಷ್ಟು ಹೊತ್ತಾದ ಮೇಲೆ ಕೆಲಸ ನಡೆಸುವ ಆಫ್ಟರ್ ಇದೆ, 2000 ಮಿಲಿಸೆಕೆಂಡಿಗೊಮ್ಮೆ. ಸ್ಲೀಪ್ ಹಾಕಿದರೆ ಕೀಲಿ, ಪರದೆ ನೋಡಿಕೊಳ್ಳುವ ಮೇನ್‌ಲೂಪ್ ನಿಂತು ಕೀಬೋರ್ಡೇ ಕಟ್ಟಿಹೋಗುತ್ತದೆ. ಮುಂದಿನ ಕೆಲಸ, ಪ್ರೋಗ್ರಾಂ ಮುಚ್ಚುವಾಗ ಜಿಯಾಮೆಟ್ರಿ ಉಳಿಸುವುದು. ಟಿವಿ ಕೇಬಲ್ ಕಿತ್ತಿದ್ದ ದಿನ ಅದೇ ಹಳೆಯ +1920 ಓದಿ ವಿಂಡೋ ಕಾಣದ ಜಾಗದಲ್ಲಿ ತೆರೆಯಬಾರದು. ಅದಕ್ಕೆ +0+0ಗೆ ತರುವ ಇನ್ನೊಂದು ಕೀಲಿ ಮೊದಲು ಸೇರಬೇಕು.