ಏಳು ಪ್ಲಗ್, ಒಂದೇ ಸಾಕೆಟ್

ಸ್ಪೀಕರ್ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುವವರು ಸಿಗುತ್ತಾರೆ. ಆದರೆ ಒಂದು ರ‍್ಯಾಕ್ ತುಂಬ ಇರುವ ಹಾಡು ಕೇಳುವ ಸೆಟ್‌ನ ಈ ಪೆಟ್ಟಿಗೆಗಳಿಗೆಲ್ಲ ಗೋಡೆಯಿಂದ ಕರೆಂಟ್ ಹೇಗೆ ಕೊಡಬೇಕು ಅಂತ ಕೇಳಿದರೆ, ಒಂದೋ ದುಬಾರಿ ಪವರ್ ಕೇಬಲ್ ತಗೋ ಅನ್ನುತ್ತಾರೆ, ಇಲ್ಲ ಯಾವುದಾದರೂ ಎಕ್ಸ್‌ಟೆನ್ಷನ್ ಬೋರ್ಡ್ ಸಾಕು ಬಿಡು ಅನ್ನುತ್ತಾರೆ. ಎರಡೂ ಪೂರ್ತಿ ಉತ್ತರ ಅಲ್ಲ. ಎಲ್ಲ ಒಂದರಲ್ಲೇ ಇರುವ ಹಳೆಯ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಬದಲು, ವಾಲ್ಯೂಮ್ ಹೊಂದಿಸುವ ಪ್ರೀಆಂಪ್, ಸ್ಪೀಕರ್‌ಗೆ ಶಕ್ತಿ ಕೊಡುವ ಪವರ್ ಆಂಪ್ ಅಂತ ಎರಡು ಬೇರೆ ಬೇರೆ ಪೆಟ್ಟಿಗೆ ತಂದ ಭಾನುವಾರ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಬೆಳಿಗ್ಗೆ ಶುರು ಮಾಡಿದ ಕೆಲಸ ಮುಗಿಯುವಾಗ ಕತ್ತಲಾಗಿತ್ತು, ಹಾಡು ಕೇಳಿದ್ದು ಮಾತ್ರ ಸ್ವಲ್ಪ ಹೊತ್ತು.

ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್, ಅದರ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೋ ಆಂಪ್, ಸಿಡಿ ಪ್ಲೇಯರ್, ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಡ್ಯಾಕ್, ಪ್ರೀಆಂಪ್, ಪವರ್ ಆಂಪ್, ತಗ್ಗು ಸ್ವರಗಳಿಗೆ ಅಂತಲೇ ಇರುವ ಸಬ್‌ವೂಫರ್. ಒಟ್ಟು ಏಳು ಪ್ಲಗ್. ಹಳೆಯ ಆಂಪ್‌ನಲ್ಲಿ ಇನ್‌ಪುಟ್ ಸಾಲದೆ ಟಿವಿ ಬೇರೆಯೇ ಇತ್ತು. ಹೊಸ ಪ್ರೀಆಂಪ್‌ನಲ್ಲಿ ಜಾಗ ಇದ್ದದ್ದರಿಂದ ಅದರ ಆಡಿಯೋ ವಯರನ್ನೂ ಅವತ್ತೇ ಸೇರಿಸೋಣ ಅಂದುಕೊಂಡಿದ್ದೆ.

ಮೊದಲು ಲೋಡ್ ಲೆಕ್ಕ. ಪವರ್ ಆಂಪ್ ಹಿಂದೆ 600 ವ್ಯಾಟ್ ಅಂತ ಬರೆದಿತ್ತು. ಅದನ್ನು ನೋಡಿದ ಯಾರಿಗಾದರೂ ಎಲ್ಲವನ್ನೂ ಒಂದೇ ಸಾಕೆಟ್‌ಗೆ ಹಾಕೋಕೆ ಭಯ ಆಗುತ್ತೆ, ಅಲ್ವಾ? ಆದರೆ ಅದು ಗರಿಷ್ಠ ಲೆಕ್ಕ. ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಹಾಕುವ ಚಿಕ್ಕ ವ್ಯಾಟ್ ಮೀಟರ್ ನನ್ನ ಹತ್ತಿರ ಇತ್ತು, ಒಂದೊಂದನ್ನೇ ಅಳೆದೆ. ಪವರ್ ಆಂಪ್ ಸುಮ್ನೆ ಆನ್ ಆಗಿದ್ದಾಗ 48 ವ್ಯಾಟ್, ಪ್ರೀಆಂಪ್ 20, ಸಬ್‌ವೂಫರ್ 15, ಸಿಡಿ ಪ್ಲೇಯರ್ 12, ಡ್ಯಾಕ್ 6, ಟರ್ನ್‌ಟೇಬಲ್ 4, ಫೋನೋ ಆಂಪ್ 3. ಎಲ್ಲ ಸೇರಿ 110ರ ಒಳಗೇ. ನಾನು ಕೇಳುವ ಮಟ್ಟದಲ್ಲಿ ಹಾಡು ಹಾಕಿದರೂ ಅದು ಹತ್ತು ಹದಿನೈದು ವ್ಯಾಟ್ ಮೇಲೇರಿತು, ಅಷ್ಟೆ, ಯಾಕಂದರೆ ಮನೆಯಲ್ಲಿ ಕೇಳುವಾಗ ಸ್ಪೀಕರ್‌ಗೆ ಹೋಗುವುದು ಸರಾಸರಿ ಒಂದೆರಡು ವ್ಯಾಟ್ ಮಾತ್ರ, ಉಳಿದದ್ದು ಸಂಗೀತದ ಜೋರಾದ ಹೊಡೆತಗಳಿಗೆ ಇಟ್ಟ ಮೀಸಲು. 230 ವೋಲ್ಟ್‌ನಲ್ಲಿ 110 ವ್ಯಾಟ್ ಅಂದರೆ ಅರ್ಧ ಆಂಪಿಯರ್ ಕೂಡ ಇಲ್ಲ. 10 ಆಂಪಿಯರ್ ಬೋರ್ಡ್ ಒಂದು 2300 ವ್ಯಾಟ್ ತಡೆಯಬಲ್ಲದು. ಅಲ್ಲಿಗೆ ಏಳೂ ಪ್ಲಗ್ ಒಂದೇ ಸಾಕೆಟ್‌ಗೆ ಅಂತ ತೀರ್ಮಾನ ಆಯಿತು. ಕ್ಲಾಸ್ ಎ ಆಂಪ್ ಇರುವವರ ಲೆಕ್ಕ ಬೇರೆ, ಅದು ಹಾಡಿದರೂ ಹಾಡದಿದ್ದರೂ ಒಂದೇ ಸಮ ಕರೆಂಟ್ ಎಳೆಯುತ್ತಲೇ ಇರುತ್ತದೆ. ಅದನ್ನು ಅಳೆದೇ ನೋಡಬೇಕು.

ಆಮೇಲೆ ಬೋರ್ಡ್. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಖರ್ಚು ಮಾಡುವುದಿದ್ದರೆ ಬೋರ್ಡ್‌ನ ಮೇಲೆ ಮಾಡಿ, ಕೇಬಲ್ ಮೇಲೆ ಬೇಡ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 12 ಮಿಲಿಓಮ್. ಗೋಡೆಯೊಳಗೆ ಹತ್ತಾರು ಮೀಟರ್ ಸಾಧಾರಣ ತಂತಿಯಲ್ಲಿ ಬಂದ ಕರೆಂಟ್‌ಗೆ ಕೊನೆಯ ಒಂದೂವರೆ ಮೀಟರ್ ಎಷ್ಟು ದಪ್ಪ ಇದ್ದರೇನು, ಎಷ್ಟು ಶುದ್ಧ ಇದ್ದರೇನು? ಆದರೆ ಜಾಯಿಂಟ್ ಹಾಗಲ್ಲ. ಸಾಕೆಟ್‌ನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ ಅಲ್ಲಿ ಬರೀ ಅರ್ಧ ಓಮ್ ಸೇರಿಕೊಂಡರೂ, 5 ಆಂಪಿಯರ್ ಹರಿದಾಗ ಆ ಚಿಕ್ಕ ಜಾಗದಲ್ಲಿ 12.5 ವ್ಯಾಟ್ ಬಿಸಿ ಹುಟ್ಟುತ್ತದೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗೋದು, ಸುಟ್ಟ ವಾಸನೆ ಬರೋದು ಹೀಗೇ. ನನ್ನ ಹಳೆಯ ಬೋರ್ಡ್‌ನಲ್ಲಿ ಪ್ಲಗ್ ಅಲ್ಲಾಡುತ್ತಿತ್ತು, ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಹೊಸದು ಎಂಟು ಸಾಕೆಟ್‌ನದು, ದಪ್ಪ ತ್ರೀ ಕೋರ್ ವಯರ್, ಪ್ಲಗ್ ಕೀಳಬೇಕಾದರೆ ನಿಜವಾಗಿ ಎಳೆಯಬೇಕು. ಬೋರ್ಡ್‌ಗೆ ಬೋರ್ಡ್ ಸಿಕ್ಕಿಸಿ ಸರಪಳಿ ಮಾಡುವ ಅಭ್ಯಾಸ ಬಿಟ್ಟುಬಿಡಿ. ಹಾಗೆ ಮಾಡಿದರೆ ಎಲ್ಲದರ ಲೋಡ್ ಮೊದಲನೆಯ ಬೋರ್ಡ್‌ನ ಒಂದೇ ಸಾಕೆಟ್ ಮೇಲೆ ಬೀಳುತ್ತದೆ.

ಇಷ್ಟು ಸಲೀಸಾಗಿ ಆಯಿತು. ಸಬ್‌ವೂಫರ್ ಮಾತ್ರ ಕೋಣೆಯ ಎದುರು ಗೋಡೆಯಲ್ಲಿ ಮೊದಲಿನಿಂದಲೂ ಇದ್ದ ಸಾಕೆಟ್‌ನಲ್ಲೇ ಇತ್ತು. ಟಿವಿ ಇನ್ನೊಂದು ಕಡೆ. ಎಲ್ಲ ಆನ್ ಮಾಡಿದೆ. ಗುಂಯ್ ಅಂತ ಶುರುವಾಯಿತು.

ಹಳೆಯ ಆಂಪ್ ಇದ್ದಾಗ ಈ ಸದ್ದು ಇರಲೇ ಇಲ್ಲ. ಸಬ್‌ವೂಫರ್ ಅದೇ, ಸಾಕೆಟ್ ಅದೇ, ಕೇಬಲ್ ಕೂಡ ಅದೇ. ಕಾರಣ ಸಿಕ್ಕಿದ್ದು ಹಳೆಯ ಆಂಪ್‌ನ ಪ್ಲಗ್ ನೋಡಿದಾಗ. ಅದಕ್ಕೆ ಎರಡೇ ಪಿನ್. ಹಿಂದೆ ಚೌಕದೊಳಗೆ ಚೌಕದ ಗುರುತು, ಅಂದರೆ ಡಬಲ್ ಇನ್ಸುಲೇಷನ್ ಇರುವಂಥದ್ದು, ಅರ್ಥ್ (ನೆಲಕ್ಕೆ ಹೋಗುವ ರಕ್ಷಣೆಯ ತಂತಿ) ಬೇಡ. ಆಗ ಇಡೀ ಸೆಟ್‌ನಲ್ಲಿ ಅರ್ಥ್ ಇದ್ದದ್ದು ಸಬ್‌ವೂಫರ್‌ಗೆ ಮಾತ್ರ. ಹೊಸ ಎರಡೂ ಪೆಟ್ಟಿಗೆಗೆ ಮೂರು ಪಿನ್. ಹಾಗಾಗಿ ಈಗ ಅರ್ಥ್ ಎರಡು ಕಡೆಯಿಂದ ಬರುತ್ತಿದೆ, ಈ ಗೋಡೆಯಿಂದ ಒಂದು, ಆ ಗೋಡೆಯಿಂದ ಇನ್ನೊಂದು, ನಡುವೆ ಅವೆರಡನ್ನೂ ಕೂಡಿಸುತ್ತಿರುವುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್‌ನ ಹೊರಗಿನ ತಂತಿ ಜಾಲರಿ. ಇದೇ ಗ್ರೌಂಡ್ ಲೂಪ್. ಎರಡು ಅರ್ಥ್‌ಗಳ ನಡುವೆ ಯಾವಾಗಲೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಆ ವ್ಯತ್ಯಾಸ ಜಾಲರಿಯ ಮೂಲಕ ಕರೆಂಟ್ ಹರಿಸುತ್ತದೆ, ಅದೇ ಜಾಲರಿ ಸಂಗೀತದ ಸಿಗ್ನಲ್‌ಗೂ ವಾಪಸ್ ದಾರಿ ಆಗಿರೋದರಿಂದ ಎರಡೂ ಬೆರೆತುಹೋಗುತ್ತವೆ.

ಊಹೆ ಮಾಡಿ ಸುಮ್ಮನಾಗೋದು ಬೇಡ ಅಂತ ಒಂದೊಂದೇ ಬಿಚ್ಚಿ ನೋಡಿದೆ. ಪವರ್ ಆಂಪ್‌ಗೆ ಸ್ಪೀಕರ್ ಮಾತ್ರ ಜೋಡಿಸಿದಾಗ ನಿಶ್ಶಬ್ದ. ಆಫ್ ಮಾಡಿ ಪ್ರೀಆಂಪ್ ಸೇರಿಸಿ ಮತ್ತೆ ಹಾಕಿದೆ, ಆಗಲೂ ನಿಶ್ಶಬ್ದ. ಸಬ್‌ವೂಫರ್ ಕೇಬಲ್ ಸೇರಿಸಿದ ಕೂಡಲೇ ಗುಂಯ್. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ, ಏರಿಸಿದರೂ ಅಷ್ಟೇ. ಇದು ಒಳ್ಳೆಯ ಸುಳಿವು: ವಾಲ್ಯೂಮ್ ಜೊತೆ ಸದ್ದು ಬದಲಾಗದಿದ್ದರೆ ತೊಂದರೆ ವಾಲ್ಯೂಮ್ ಗುಂಡಿಯ ಆಚೆಗೆ, ಸ್ಪೀಕರ್ ಕಡೆಗಿದೆ. ಕೇಬಲ್ ಬಿಚ್ಚಿ, ಸಬ್‌ವೂಫರ್‌ನ ಆರ್‌ಸಿಎ ಹೊರಬಳೆಗೂ ಪ್ರೀಆಂಪ್‌ನ ಹೊರಬಳೆಗೂ ನಡುವೆ ಮಲ್ಟಿಮೀಟರ್ ಹಿಡಿದೆ. 40 ಮಿಲಿವೋಲ್ಟ್ ಆಸುಪಾಸು ತೋರಿಸಿತು. ಇದು ಎಷ್ಟು ಮಹಾ ಅನ್ನಿಸಬಹುದು. ಸಿಡಿ ಪ್ಲೇಯರ್‌ನ ಪೂರ್ತಿ ಸಿಗ್ನಲ್ 2 ವೋಲ್ಟ್. ಅದರಲ್ಲಿ ಬರೀ 1 ಮಿಲಿವೋಲ್ಟ್ ಗುಂಯ್ ಸೇರಿಕೊಂಡರೂ ಅದು ಸಂಗೀತಕ್ಕಿಂತ 66 ಡೆಸಿಬೆಲ್ ಮಾತ್ರ ಕೆಳಗೆ. ರಾತ್ರಿ ಸದ್ದಿಲ್ಲದ ಕೋಣೆಯಲ್ಲಿ ಮೆಲ್ಲಗೆ ಹಾಡು ಕೇಳುವವರಿಗೆ ಅದು ಕೇಳಿಸುತ್ತದೆ. ಅದರಲ್ಲೂ ಸಬ್‌ವೂಫರ್ ಇರೋದೇ ಮನೆ ಕರೆಂಟಿನ 50 ಹರ್ಟ್ಸ್‌ನಂಥ ತಗ್ಗು ಸದ್ದನ್ನು ಚೆನ್ನಾಗಿ ಕೇಳಿಸೋಕೆ. ಚಿಕ್ಕ ಸ್ಪೀಕರ್ ಮುಚ್ಚಿಡುವುದನ್ನು ಅದು ಜೋರಾಗಿ ಹೇಳಿಬಿಡುತ್ತದೆ.

ಟಿವಿ ಕಥೆ ಇನ್ನೊಂದು. ಅದರ ಪ್ಲಗ್‌ಗೆ ಎರಡೇ ಪಿನ್, ಆದರೆ ಹಿಂದೆ ಆಂಟೆನಾ ವಯರ್ ಇದೆ. ಆ ವಯರ್‌ನ ಜಾಲರಿಗೆ ಕಟ್ಟಡದಲ್ಲಿ ಎಲ್ಲೋ ಒಂದು ಕಡೆ ಅರ್ಥ್ ಕೊಟ್ಟಿರುತ್ತಾರೆ. ಹಾಗಾಗಿ ಅದು ಹಿಂಬಾಗಿಲಿಂದ ಬರುವ ಅರ್ಥ್. ಟಿವಿಯ ಆಡಿಯೋ ವಯರ್ ಸಿಕ್ಕಿಸಿದರೆ ಗುಂಯ್ ಜೊತೆಗೆ ಒಂದು ಒರಟು ಜರ್ ಅನ್ನುವ ಸದ್ದೂ ಬರುತ್ತಿತ್ತು. ಆಂಟೆನಾ ವಯರ್ ಬಿಚ್ಚಿದರೆ ಮಾಯ.

ಮಧ್ಯಾಹ್ನ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನೂ ವರ್ಷಗಳಿಂದ ಇದೇ ಹುಚ್ಚಿನವನು. "ಪ್ರೀಆಂಪ್, ಪವರ್ ಆಂಪ್ ಎರಡರ ಪ್ಲಗ್‌ನಿಂದಲೂ ಅರ್ಥ್ ಪಿನ್ ತೆಗೆದುಬಿಡು ಕಣೋ, ಎರಡು ನಿಮಿಷದ ಕೆಲಸ, ಸದ್ದು ನಿಂತುಹೋಗುತ್ತೆ" ಅಂದ. ಸದ್ದು ನಿಲ್ಲುತ್ತೆ ಅನ್ನೋದು ನಿಜ. ಆದರೂ ಆಗಲ್ಲ ಅಂದೆ, ಇಲ್ಲೂ ಅದನ್ನೇ ಹೇಳುತ್ತೇನೆ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಮೂರು ಪಿನ್ ಇರುವ ಆಂಪ್‌ನ ಲೋಹದ ಪೆಟ್ಟಿಗೆಗೆ ಇರುವ ರಕ್ಷಣೆ ಆ ಒಂದು ತಂತಿ. ಒಳಗೆ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಹಾಳಾಗಿ ಫೇಸ್ ಪೆಟ್ಟಿಗೆಗೆ ತಾಗಿದರೆ, ಅರ್ಥ್ ಇದ್ದಾಗ ಒಮ್ಮೆಲೇ ದೊಡ್ಡ ಕರೆಂಟ್ ಹರಿದು ಎಂಸಿಬಿ (ತಾನಾಗೇ ಆಫ್ ಆಗುವ ರಕ್ಷಣಾ ಸ್ವಿಚ್) ಬೀಳುತ್ತದೆ, ನಾವು ಮುಟ್ಟುವ ಮುಂಚೆಯೇ ಕಥೆ ಮುಗಿಯುತ್ತದೆ. ಅರ್ಥ್ ಇಲ್ಲದಿದ್ದರೆ ಪೆಟ್ಟಿಗೆ 230 ವೋಲ್ಟ್‌ನಲ್ಲೇ ಕೂತಿರಬಹುದು. ಅದೂ ಆಂಪ್ ಒಂದೇ ಅಲ್ಲ. ಆರ್‌ಸಿಎ ಜಾಲರಿಗಳು ಎಲ್ಲವನ್ನೂ ಬೆಸೆದಿರುವುದರಿಂದ ಸಿಡಿ ಪ್ಲೇಯರ್, ಡ್ಯಾಕ್, ರೆಕಾರ್ಡ್ ಬದಲಿಸೋಕೆ ಕೈ ಹಾಕುವ ಟರ್ನ್‌ಟೇಬಲ್‌ನ ಟೋನ್‌ಆರ್ಮ್ (ಸೂಜಿ ಹಿಡಿದ ಕಡ್ಡಿ) ತನಕ ಕರೆಂಟ್ ಬಂದಿರಬಹುದು. ಮನೆಯಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಗುಂಯ್ ಸದ್ದು ಇದ್ದರೂ ಪರವಾಗಿಲ್ಲ, ಆ ಪಿನ್ ತೆಗೆಯಬಾರದು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಟೋನ್‌ಆರ್ಮ್ ವಿಷಯ ಯೋಚನೆ ಮಾಡಿರಲಿಲ್ಲ" ಅಂದ. ತನ್ನ ಸೆಟ್‌ನಲ್ಲಿ ಅರ್ಥ್ ತೆಗೆದಿದ್ದನ್ನು ಅವತ್ತೇ ವಾಪಸ್ ಹಾಕಿದನಂತೆ, ನನಗೆ ಅದು ತುಂಬ ಸಮಾಧಾನ ಕೊಟ್ಟಿತು.

ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ. ಅರ್ಥ್ ತೆಗೆಯೋದಲ್ಲ, ಎಲ್ಲರಿಗೂ ಒಂದೇ ಜಾಗದಿಂದ ಅರ್ಥ್ ಕೊಡೋದು. 1.5 ಚದರ ಮಿಲಿಮೀಟರ್‌ನ ತ್ರೀ ಕೋರ್ ವಯರಿನಲ್ಲಿ ಸಬ್‌ವೂಫರ್‌ಗೆ ಉದ್ದದ ಪವರ್ ಕಾರ್ಡ್ ಮಾಡಿಸಿದ್ದು ಮನೆಯಲ್ಲೇ ಇತ್ತು, ಅದನ್ನು ಗೋಡೆಯ ಬುಡದಲ್ಲೇ ಎಳೆದು ರ‍್ಯಾಕ್ ಹಿಂದಿನ ಬೋರ್ಡ್‌ಗೇ ತಂದೆ. ಆಗ ಮಲ್ಟಿಮೀಟರ್ 1 ಮಿಲಿವೋಲ್ಟ್‌ಗಿಂತ ಕೆಳಗಿಳಿಯಿತು. ಸದ್ದು ಹೋಯಿತು, ಕೋನ್‌ಗೆ ಕಿವಿ ಹಚ್ಚಿದರೂ ಇಲ್ಲ. ಟಿವಿಯನ್ನು ಆಪ್ಟಿಕಲ್ ಕೇಬಲ್‌ನಲ್ಲಿ ಡ್ಯಾಕ್‌ಗೆ ಸೇರಿಸಿದೆ. ಅದರಲ್ಲಿ ಹೋಗೋದು ಬೆಳಕು, ತಾಮ್ರವೇ ಇಲ್ಲ, ಲೂಪ್ ಆಗೋ ಪ್ರಶ್ನೆಯೇ ಬರಲ್ಲ. ಜೊತೆಗೆ ಇನ್ನೊಂದು ಲಾಭ ಆಯಿತು. ಮುಂಚೆ ಸಬ್‌ವೂಫರ್ ಕೇಬಲ್ ಬಿಚ್ಚಿದ್ದಾಗಲೆಲ್ಲ ಡ್ಯಾಕ್‌ನ ಲೋಹದ ಮೈ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಂ ಅನ್ನುತ್ತಿತ್ತು. ಎರಡು ಪಿನ್ ಅಡಾಪ್ಟರ್‌ಗಳೊಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ ಸೋರುವ ಅತಿ ಸಣ್ಣ ಕರೆಂಟ್ ಅದು. ಈಗ ಪ್ರೀಆಂಪ್ ಮೂಲಕ ಅದಕ್ಕೂ ಅರ್ಥ್ ಸಿಕ್ಕಿದೆ, ಜುಂ ನಿಂತಿದೆ.

ಕೊನೆಗೆ ವಯರ್ ಜೋಡಣೆ. ಪವರ್ ಕಾರ್ಡ್‌ಗಳೆಲ್ಲ ರ‍್ಯಾಕ್‌ನ ಎಡಗಡೆ, ಸಿಗ್ನಲ್ ಕೇಬಲ್‌ಗಳು ಬಲಗಡೆ, ನಡುವೆ ಒಂದು ಗೇಣು. ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಿಸಿದೆ. ಫೋನೋ ಆಂಪನ್ನು ಪವರ್ ಆಂಪ್‌ನ ಟ್ರಾನ್ಸ್‌ಫಾರ್ಮರ್‌ನಿಂದ ಆದಷ್ಟು ದೂರ, ಮೇಲಿನ ಹಲಗೆಗೆ ಕಳಿಸಿದೆ. ರೆಕಾರ್ಡ್ ಸೂಜಿಯ ಕಾರ್ಟ್ರಿಡ್ಜ್‌ನಿಂದ ಬರೋದೇ 5 ಮಿಲಿವೋಲ್ಟ್ ಆಸುಪಾಸಿನ ಸಿಗ್ನಲ್, ಅದಕ್ಕೆ ಇಷ್ಟಾದರೂ ಮರ್ಯಾದೆ ಬೇಕು.

ಬೋರ್ಡ್‌ಗೆ ಒಂದೇ ದೊಡ್ಡ ಸ್ವಿಚ್ ಇದೆ, ಆದರೆ ಅದರಿಂದ ಎಲ್ಲವನ್ನೂ ಒಟ್ಟಿಗೆ ಆನ್ ಮಾಡುವುದಿಲ್ಲ. ಪವರ್ ಆಂಪ್‌ನ ದೊಡ್ಡ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್, ಖಾಲಿ ಕೆಪಾಸಿಟರ್‌ಗಳು ಆನ್ ಆದ ಆ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತವೆ. ಜೊತೆಗೆ ಪ್ರೀಆಂಪ್ ಆನ್ ಆಗುವಾಗಿನ ಧಬ್ ಅನ್ನುವ ಹೊಡೆತ ನೇರ ಸ್ಪೀಕರ್‌ಗೆ ಹೋಗುತ್ತದೆ. ಹಾಗಾಗಿ ಮೊದಲು ಸಿಡಿ ಪ್ಲೇಯರ್, ಡ್ಯಾಕ್, ಆಮೇಲೆ ಪ್ರೀಆಂಪ್, ಕೊನೆಗೆ ಪವರ್ ಆಂಪ್ ಮತ್ತು ಸಬ್‌ವೂಫರ್. ಆರಿಸುವಾಗ ಪವರ್ ಆಂಪ್, ಸಬ್‌ವೂಫರ್ ಮೊದಲು. ಮನೆಯವರಿಗೂ ತೋರಿಸಿಕೊಟ್ಟೆ, ಈಗ ಅವರೂ ಹಾಗೇ ಮಾಡುತ್ತಾರೆ.

ಬೋರ್ಡ್‌ನಲ್ಲಿ ಸರ್ಜ್ (ಒಮ್ಮೆಲೇ ಏರುವ ವೋಲ್ಟೇಜ್) ತಡೆಯುವ ಭಾಗವೂ ಇದೆ. ಅದರೊಳಗಿನ ವ್ಯಾರಿಸ್ಟರ್ ಪ್ರತಿ ದೊಡ್ಡ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ, ಹತ್ತಿರ ಬಿದ್ದ ಸಿಡಿಲಿಗೆ ಅದು ಸಾಲುವುದಿಲ್ಲ. ಗುಡುಗು ಶುರುವಾದರೆ ನಾನು ಪ್ಲಗ್ ಕಿತ್ತಿಡುತ್ತೇನೆ. ಗೋಡೆಯಿಂದ ಒಂದೇ ಪ್ಲಗ್ ಕಿತ್ತರೆ ಸಾಕು, ಏಳೂ ಬೇರೆಯಾಗುತ್ತವೆ. ಡ್ಯಾಕ್ ವೈಫೈನಲ್ಲಿದೆ, ಟಿವಿಯಿಂದ ಬರೋದು ಬೆಳಕು ಮಾತ್ರ, ಹಾಗಾಗಿ ಆಂಟೆನಾ ವಯರಿನ ದಾರಿಯಲ್ಲೂ ಏನೂ ರ‍್ಯಾಕ್‌ಗೆ ಬರೋಕಾಗಲ್ಲ.