ಕುಂಟೆಯ ನಡುವೆ ನಿಂತ ಎಲಿವೇಟರ್

ಜಿಯೋರೆಫರೆನ್ಸ್ ಮಾಡುವವರಿಗೆ, ಅಂದ್ರೆ ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಯ ಶೀಟನ್ನು ಕಂಪ್ಯೂಟರ್‌ನಲ್ಲಿ ಅದರ ನಿಜವಾದ ಜಾಗಕ್ಕೆ ಕೂರಿಸುವವರಿಗೆ, ಆರ್‌ಎಂಎಸ್ ಎರರ್ ಅನ್ನೋ ತಪ್ಪಿನ ಅಂಕಿಯ ಮೇಲೆ ಇರುವಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇರಲ್ಲ. ಎರಡು ಮೀಟರ್ ಒಳಗೆ ಬಂತಾ, ಶೀಟ್ ಸರಿಯಾಗಿ ಕೂತಿತು, ಮುಂದಿನದು ತಗೋ. ಈ ನಂಬಿಕೆ ಒಂದು ರಾತ್ರಿ ಕಾಲ್‌ನಲ್ಲಿ ಹೇಗೆ ಕೈಕೊಟ್ಟಿತು ಅನ್ನೋದನ್ನ ಹೊಸದಾಗಿ ಸೇರಿದವರಿಗಾಗಿ ಬರೆದಿಡಬೇಕು ಅನ್ನಿಸಿತು.

ನಮ್ಮದು ಮೈಸೂರಿನ ಸಣ್ಣ ಜಿಐಎಸ್ ಟೀಮ್. ಕೆಲಸ ಬಹುಪಾಲು ಕೆನಡಾದ್ದು. ಅಲ್ಲಿ ಮಣ್ಣು ಕೆಟ್ಟಿರುವ ಅನುಮಾನ ಇರುವ ಜಮೀನು ಕೈ ಬದಲಾಗುವ ಮುಂಚೆ ಫೇಸ್ ಒನ್ ಅನ್ನೋ ಪರಿಸರ ತಪಾಸಣೆ ಮಾಡಿಸುತ್ತಾರೆ. ಹಿಂದೆ ಅಲ್ಲಿ ಏನಿತ್ತು, ಎಣ್ಣೆ ಟ್ಯಾಂಕ್ ಇತ್ತಾ, ಮಣ್ಣು ಕೆಟ್ಟಿರಬಹುದಾ ಅಂತ ನೋಡಬೇಕು. ಹಳೆಯ ಟೊಪೊ ಶೀಟ್‌ನಲ್ಲಿ, ಅಂದ್ರೆ ನೆಲದ ವಿವರ ತೋರಿಸುವ ನಕ್ಷೆಯಲ್ಲಿ, ಕಂಡದ್ದನ್ನೆಲ್ಲ ಎತ್ತಿ ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿ ಕೊಡುವುದು ನಮ್ಮ ಪಾಲು.

ಆ ಸಲ ಬಂದದ್ದು ಕೆನಡಾದ ಸಾಸ್ಕಾಚೆವನ್ ಪ್ರಾಂತ್ಯದ ಒಂದು ಪ್ರೇರಿ, ಅಂದ್ರೆ ಹುಲ್ಲು ಬಯಲಿನ, ಹಳ್ಳಿ. ಸ್ಯಾಟಲೈಟ್‌ನಲ್ಲಿ ನೋಡಿದ್ರೆ ನಾಲ್ಕಾರು ಮನೆ, ಒಂದು ಸಾಲು ಮರ, ಸುತ್ತ ಚೌಕ ಚೌಕ ಹೊಲ. ಅದೇ ಜಾಗ ಹಳೆಯ 1:50,000 ಶೀಟ್‌ನಲ್ಲಿ ತುಂಬಿದ ಊರು. ರೈಲು ನಿಲ್ದಾಣ, ಸೈಡಿಂಗ್, ಶಾಲೆ, ಚರ್ಚು, ಎಲಿವೇಟರ್, ಅದರ ಪಕ್ಕದಲ್ಲಿ ಟ್ಯಾಂಕ್‌ನ ಗುರುತಾಗಿ ಒಂದು ಪುಟ್ಟ ಸೊನ್ನೆ.

ಎಲಿವೇಟರ್ ಅಂದ್ರೆ ಲಿಫ್ಟ್ ಅಲ್ಲ. ರೈಲು ಹಳಿ ಪಕ್ಕ ನಿಲ್ಲುವ ಮರದಲ್ಲಿ ಕಟ್ಟಿದ ಎತ್ತರದ ಗೋಧಿ ಕಣಜ. ರೈತರು ಕುದುರೆ ಗಾಡಿಯಲ್ಲಿ ಗೋಧಿ ತಂದು ಅದೇ ದಿನ ಮನೆ ಸೇರಬೇಕಿತ್ತು. ಹಾಗಾಗಿ ಆರರಿಂದ ಹತ್ತು ಮೈಲಿಗೆ ಒಂದು ನಿಲ್ದಾಣ, ನಿಲ್ದಾಣಕ್ಕೊಂದು ಎಲಿವೇಟರ್ ಸಾಲು. 1930ರ ದಶಕದಲ್ಲಿ ಮೂರು ಪ್ರೇರಿ ಪ್ರಾಂತ್ಯಗಳಲ್ಲಿ 5,500ಕ್ಕೂ ಜಾಸ್ತಿ ಇದ್ದವು. ಆಮೇಲೆ ಲಾರಿ ಬಂತು. 1995ರಲ್ಲಿ ಧಾನ್ಯ ಸಾಗಣೆಗೆ ಸರ್ಕಾರ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಬ್ರಾಂಚ್ ಲೈನುಗಳನ್ನು ಒಂದೊಂದಾಗಿ ಕಿತ್ತರು, ಎಲಿವೇಟರ್‌ಗಳನ್ನು ಉರುಳಿಸಿದರು. ನಮ್ಮ ಹಳ್ಳಿಯಲ್ಲಂತೂ ಹಳಿ ಇದ್ದ ಏರಿಯನ್ನೂ ಉತ್ತು ಹೊಲ ಮಾಡಿಬಿಟ್ಟಿದ್ದರು. ತಾಳೆ ನೋಡೋಕೆ ನೆಲದ ಮೇಲೆ ಹಳಿಯ ಗುರುತೇ ಉಳಿದಿರಲಿಲ್ಲ.

ಶೀಟ್ ಕೂರಿಸಿದ್ದು ನಮ್ಮ ಜೂನಿಯರ್. ನಕ್ಷೆಯ ಮೇಲೆ ಮೀಟರ್ ಲೆಕ್ಕದಲ್ಲಿ ಎಳೆದ ನೀಲಿ ಯುಟಿಎಂ ಗೆರೆಗಳು ಸೇರುವ ಕಡೆಯೆಲ್ಲ ಕಂಟ್ರೋಲ್ ಪಾಯಿಂಟ್ (ಜಾಗದ ಅಂಕಿ ಗೊತ್ತಿರುವ ಬಿಂದು) ಕೊಟ್ಟು, ಅಂಚಿನಲ್ಲಿದ್ದ ಅಂಕಿ ತುಂಬಿ, ಟೆಂಪ್ಲೇಟ್‌ನಲ್ಲಿ ಇದ್ದ ಡೇಟಮ್ ನ್ಯಾಡ್ 83ನ್ನೇ (ನಾರ್ತ್ ಅಮೆರಿಕನ್ ಡೇಟಮ್ 1983) ಇಟ್ಟುಕೊಂಡಿದ್ದ. ಡೇಟಮ್ ಅಂದ್ರೆ ಆ ಅಂಕಿಗಳನ್ನು ಎಲ್ಲಿಂದ, ಹೇಗೆ ಅಳೆಯೋದು ಅನ್ನೋ ಆಧಾರ. ಟೆಂಪ್ಲೇಟ್ ಮುಟ್ಟಬಾರದು ಅನ್ನೋದು ಮೇಲಿನವರ ಕಟ್ಟಪ್ಪಣೆ. ಆರ್‌ಎಂಎಸ್ ಎರಡು ಮೀಟರ್ ಒಳಗೇ ಬಂತು. ಕ್ಯೂಎ, ಅಂದ್ರೆ ಕೆಲಸ ಸರಿಯಿದೆಯಾ ಅಂತ ನೋಡೋದು, ನನ್ನದು. ನಾನು ಆ ಅಂಕಿ ನೋಡಿ ಪಾಸ್ ಮಾಡಿದೆ. ಆ ಕಡೆಗೆ ಪಾಯಿಂಟ್‌ಗಳ ಶೇಪ್‌ಫೈಲ್ ಮಾತ್ರ ಹೋಯಿತು, ರಾಸ್ಟರ್, ಅಂದ್ರೆ ನಕ್ಷೆಯ ಚಿತ್ರ, ಹೋಗಲಿಲ್ಲ.

ಕಾಲ್ ರಾತ್ರಿ ಎಂಟೂವರೆಗೆ. ಅಲ್ಲಿ ಬೆಳಗ್ಗೆ ಒಂಬತ್ತು. ಸಾಸ್ಕಾಚೆವನ್‌ನಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡಲ್ಲ, ವರ್ಷವಿಡೀ ಹನ್ನೊಂದೂವರೆ ಗಂಟೆ ಅಂತರ. ಆ ಕಡೆಯ ಎಂಜಿನಿಯರ್ ಮೇಡಂ ಸ್ಕ್ರೀನ್ ಶೇರ್ ಮಾಡಿ ಕೇಳಿದರು, "ಈ ಎಲಿವೇಟರ್ ನೀರಲ್ಲಿ ಯಾಕೆ ನಿಂತಿದೆ?"

ನೋಡಿದೆ. ನಿಜ. ನಮ್ಮ ಪಾಯಿಂಟ್ ಒಂದು ಕುಂಟೆಯ ಮಧ್ಯದಲ್ಲಿತ್ತು.

ಆ ಪ್ರದೇಶದಲ್ಲಿ ಇಂಥ ಕುಂಟೆಗಳು ಲೆಕ್ಕವಿಲ್ಲದಷ್ಟಿವೆ. ಹಿಮನದಿ ಕರಗುವಾಗ ಉಳಿದ ತಗ್ಗುಗಳು. ಮಳೆ ಕೈಕೊಟ್ಟ ವರ್ಷ ಒಣಗುತ್ತವೆ, ಹಿಮ ಜಾಸ್ತಿ ಬಿದ್ದ ವರ್ಷ ತುಂಬುತ್ತವೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅದನ್ನೇ ಹೇಳಿದೆ: ಆಗ ಕುಂಟೆ ಒಣಗಿರಬಹುದು, ನೀರು ಆಮೇಲೆ ಬಂದಿರಬಹುದು. ನಮ್ಮ ಸರ್ ಕೂಡ ಹೂಂಗುಟ್ಟಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಶಾಂತವಾಗಿಯೇ ಅಂದರು, "ಒಣಗಿದ್ದರೂ ಅದು ತಗ್ಗೇ ಅಲ್ವಾ? ಗೋಧಿ ತುಂಬಿಡುವ ಕಟ್ಟಡವನ್ನ ತಗ್ಗಿನಲ್ಲಿ ಯಾರು ಕಟ್ಟುತ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಜೂನಿಯರ್ ಮೈಕ್ ಮ್ಯೂಟ್ ಮಾಡಿ ಪಿಸುಗುಟ್ಟಿದ, "ಅಕ್ಕಾ, ಮಾರ್ಜಿನ್ ನೋಡಿ." ಸ್ಕ್ಯಾನ್‌ನ ಕೆಳಗಿನ ಅಂಚನ್ನು ದೊಡ್ಡದು ಮಾಡಿದ್ದ. ಸಣ್ಣ ಅಕ್ಷರದಲ್ಲಿ ಇತ್ತು: ನಾರ್ತ್ ಅಮೆರಿಕನ್ ಡೇಟಮ್ 1927.

ಅಷ್ಟೇ ಸಾಕಾಯಿತು. ನ್ಯಾಡ್ 27ರ ಲೆಕ್ಕವೆಲ್ಲ ಕ್ಯಾನ್ಸಸ್‌ನ ಮೀಡ್ಸ್ ರಾಂಚ್ ಎಂಬಲ್ಲಿನ ಒಂದು ಬಿಂದುವಿನಿಂದ ಶುರು. ಅದು ಭೂಮಿಯ ಆಕಾರಕ್ಕೆ ಹಿಡಿದಿರುವುದು ಕ್ಲಾರ್ಕ್ 1866 ಅನ್ನೋ ಅಳತೆ, ನ್ಯಾಡ್ 83ರದ್ದೇ ಬೇರೆ. ಹಾಗಾಗಿ ಒಂದೇ ಜಾಗಕ್ಕೆ ಎರಡರಲ್ಲೂ ಬೇರೆ ಬೇರೆ ಯುಟಿಎಂ ಅಂಕಿ. ಉತ್ತರ ದಕ್ಷಿಣಕ್ಕೆ ಸುಮಾರು 200 ಮೀಟರ್ ವ್ಯತ್ಯಾಸ. ಶೀಟ್ ಮೇಲೆ ಅದು ನಾಲ್ಕೇ ಮಿಲಿಮೀಟರ್. ನೆಲದ ಮೇಲೆ, ಎಲಿವೇಟರ್ ಹೋಗಿ ಕುಂಟೆಗೆ ಬಿದ್ದಿತ್ತು. ಎಣ್ಣೆ ಟ್ಯಾಂಕ್ ಕ್ಲೈಂಟ್‌ನ ಜಮೀನಿನಿಂದ ಆಚೆ ಹೋಗಿತ್ತು. ಸರಿಯಾಗಿ ಕೂರಿಸಿದಾಗ ಅದು ಜಮೀನಿನ ಒಳಗೇ ಬಂತು, ಮಣ್ಣು ತೆಗೆದು ಪರೀಕ್ಷಿಸುವ ಫೇಸ್ ಟೂನಲ್ಲಿ ಬೋರ್‌ಹೋಲ್ ಹಾಕುವ ಜಾಗವೂ ಬದಲಾಯಿತು.

ಹಾಗಾದ್ರೆ ಆರ್‌ಎಂಎಸ್ ಯಾಕೆ ಏನೂ ಹೇಳಲಿಲ್ಲ? ಅದು ನೋಡುವುದು ನಾವು ಕೊಟ್ಟ ಪಾಯಿಂಟ್‌ಗಳು ಒಂದಕ್ಕೊಂದು ಹೊಂದುತ್ತವಾ ಅಂತ ಮಾತ್ರ. ಎಲ್ಲವೂ ಒಟ್ಟಿಗೆ 200 ಮೀಟರ್ ಜರುಗಿದ್ದರೆ ಅದಕ್ಕೆ ಗೊತ್ತೇ ಆಗಲ್ಲ.

ಪ್ರೇರಿಯಲ್ಲಿ ಇದನ್ನು ಹಿಡಿಯೋದು ಬಹಳ ಸುಲಭ, ಅದೇ ಇನ್ನೂ ಚುಚ್ಚುವ ವಿಷಯ. 1871ರಲ್ಲಿ ಶುರುವಾದ ಡೊಮಿನಿಯನ್ ಲ್ಯಾಂಡ್ ಸರ್ವೇ ಆ ಬಯಲನ್ನೆಲ್ಲ ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಪ್ರತಿ ಟೌನ್‌ಶಿಪ್ಪನ್ನು 36 ಸೆಕ್ಷನ್‌ಗಳಾಗಿ ಕತ್ತರಿಸಿತು. ಸಾಸ್ಕಾಚೆವನ್‌ನ ಬಹುಭಾಗದಲ್ಲಿ ಉತ್ತರ ದಕ್ಷಿಣದ ರಸ್ತೆಗೆ ಮೈಲಿಗೊಂದು ಜಾಗ ಬಿಟ್ಟರು, ಪೂರ್ವ ಪಶ್ಚಿಮಕ್ಕೆ ಎರಡು ಮೈಲಿಗೊಂದು. ಊರು ಹೋದರೂ, ಹಳಿ ಹೋದರೂ, ಆ ರಸ್ತೆಗಳು ಬಹುಪಾಲು ಅಲ್ಲೇ ಇವೆ. ಹಳೆಯ ಶೀಟ್‌ನ ಒಂದು ರಸ್ತೆ ಕೂಡುವ ಜಾಗವನ್ನು ಈಗಿನ ಚಿತ್ರದ ಮೇಲೆ ಇಟ್ಟು ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕಂಟ್ರೋಲ್ ಪಾಯಿಂಟ್ ಯಾವುದಕ್ಕಾದರೂ ಕೊಡಿ, ತಾಳೆ ನೋಡುವ ಚೆಕ್ ಪಾಯಿಂಟ್ ಮಾತ್ರ ರಸ್ತೆ ಕೂಡುವಲ್ಲೇ ಇರಲಿ.

ಈ ಶೀಟ್‌ಗಳನ್ನು ಸುಮ್ನೆ ಪಾಯಿಂಟ್ ಎತ್ತೋಕೆ ಮಾತ್ರ ತೆರೆಯಬೇಡಿ ಅಂತಲೂ ಹೇಳ್ತೀನಿ. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ರೈಲಿನ ದಾರಿ ಹಿಡಿದು ಹೋದರೆ ನಿಲ್ದಾಣಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಬರುತ್ತವೆ: ಫೆನ್‌ವುಡ್, ಗುಡೀವ್, ಹಬರ್ಡ್, ಇಟುನಾ, ಜಾಸ್ಮಿನ್, ಕೆಲಿಹರ್. ನಡುವೆ ಹೊಲದ ಮೂಲೆಯಲ್ಲಿ ಒಂಟಿ ಶಾಲೆ, ಒಂಟಿ ಸ್ಮಶಾನ. ಅಲ್ಲಿ ಬದುಕಿದವರ ಎಷ್ಟೋ ಗುರುತುಗಳು ಈಗ ಉಳಿದಿರುವುದು ಇಂಥ ಕಾಗದಗಳಲ್ಲೇ. ಅವನ್ನು ಎಲ್ಲಿತ್ತೋ ಅಲ್ಲೇ ಕೂರಿಸುವುದು ನಮ್ಮ ಕೆಲಸ.

ಟೆಂಪ್ಲೇಟ್‌ನಲ್ಲಿ ಇವತ್ತಿಗೂ ನ್ಯಾಡ್ 83ನೇ ಇದೆ. ಬದಲಾಯಿಸಿ ಅಂತ ಹಾಕಿದ ಟಿಕೆಟ್ "ಪರಿಶೀಲನೆಯಲ್ಲಿದೆ". ಚೆಕ್ ಪಾಯಿಂಟ್‌ಗೆ ಹಿಡಿಯುವ ಸಮಯವನ್ನು ಎಸ್ಟಿಮೇಟ್‌ಗೆ ಸೇರಿಸಿ ಅಂದರೆ ಸ್ಕೋಪ್‌ನಲ್ಲಿಲ್ಲ ಅಂತಾರೆ. ಮಾರ್ಜಿನ್‌ನ ಸ್ಕ್ರೀನ್‌ಶಾಟ್ ಇಲ್ಲದೆ ಬಂದ ಹಳೆ ಶೀಟನ್ನು ನಾನು ಪಾಸ್ ಮಾಡಲ್ಲ, ಅದಕ್ಕೆ ಡೆಲಿವರಿ ಅರ್ಧ ದಿನ ತಡವಾದರೂ ಸರಿ.